ಬೀಗರ ಕೇಸು ಹುಡುಕಲು ಹೋಗಿ

ಕೋರ್ಟಿನ ವೆಬ್‌ಸೈಟಿನಲ್ಲಿ ಯಾರ ಹೆಸರು ಹಾಕಿದರೂ ಅವರ ಕೇಸೆಲ್ಲ ಕಾಣುತ್ತದೆ ಎಂದು ಗೊತ್ತಾದ ದಿನದಿಂದ ಅಲ್ಲಾಳಸಂದ್ರದ ನಮ್ಮ ಬೀದಿಯಲ್ಲಿ ಗುಟ್ಟು ಎಂಬುದೇ ಉಳಿಯಲಿಲ್ಲ. ಬಾಡಿಗೆಯವರು, ಚೀಟಿ ನಡೆಸುವವರು, ಎದುರುಮನೆಯ ಬಿಲ್ಡರು, ಎಲ್ಲರೂ ಈ ಮುನಿರಾಜುವಿನ ಮೊಬೈಲಿನೊಳಗೆ ಹಾಜರ್!

ಹಾಗಿರುವಾಗ ಮಗಳು ಕಾವ್ಯಳಿಗೆ ಬಾಗಲಗುಂಟೆಯಿಂದ ಸಂಬಂಧ ಬಂತು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಹುಡುಗನ ಕಡೆಯವರು ಮಾತುಕತೆಗೆ ಬರುವ ಬೆಳಿಗ್ಗೆ ನಾನು ಹುಡುಗನ ಅಪ್ಪ ಕೃಷ್ಣಪ್ಪನವರ ಹೆಸರು ಹಾಕಿದೆ. ಪರದೆ ತುಂಬ ಕೇಸು! ಚೆಕ್ ಬೌನ್ಸು, ಹೊಡೆದಾಟ, ವಿಚ್ಛೇದನ!

"ರೀ, ಬೆಂಗಳೂರಲ್ಲಿ ಇರೋದು ಒಬ್ರೇ ಕೃಷ್ಣಪ್ಪನೇನ್ರೀ?" ಎಂದಳು ಹೆಂಡತಿ ಲತಾ. "ಮಗಳ ಮುಖ ನೋಡಿ ಸುಮ್ನಿರಿ."

"ಕೋರ್ಟಿನ ಕಂಪ್ಯೂಟರ್ ಸುಳ್ಳು ಹೇಳುತ್ತೇನೇ?" ಎಂದೆ.

ಎಲ್ಲರೂ ಬಂದು ಕೂತರು. ನನ್ನ ತಂಗಿ ಸರೋಜ ತಾಂಬೂಲದ ತಟ್ಟೆ ಜೋಡಿಸುತ್ತ ಪಕ್ಕದಲ್ಲೇ ಇದ್ದಳು. ಸೋದರತ್ತೆ ಇಲ್ಲದೆ ನಮ್ಮಲ್ಲಿ ಶುಭಕಾರ್ಯ ನಡೆಯುವುದಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಘನ ನ್ಯಾಯಾಧೀಶರ ಗಾಂಭೀರ್ಯದಿಂದ ವಿಚಾರಣೆ ಆರಂಭಿಸಿದೆ.

"ತಮ್ಮ ವಿಚ್ಛೇದನ ಎಲ್ಲಿಗೆ ಬಂತು?"

ಕೃಷ್ಣಪ್ಪನವರ ಹೆಂಡತಿಯ ಕೈಯಲ್ಲಿದ್ದ ಬೋಂಡಾ ಕೆಳಗೆ ಬಿತ್ತು!

"ಸ್ವಾಮಿ, ನಮ್ ಏರಿಯಾದಲ್ಲೇ ಐದಾರು ಜನ ಕೃಷ್ಣಪ್ಪ ಇದೀವಿ," ಎಂದರು ಕೃಷ್ಣಪ್ಪನವರು. "ಇರ್ಲಿ, ಈಗ ನಿಮ್ ಹೆಸರೂ ಒಂದ್ಸಲ ಹಾಕಿ. ನಾವೂ ನೋಡ್ತೀವಿ."

"ಅದಕ್ಕೇನಂತೆ!" ಎಂದು ಮೊಬೈಲನ್ನು ಹುಡುಗನ ಕೈಗೇ ಕೊಟ್ಟೆ. ಅವನು ಒತ್ತಿದ, ಓದಿದ, ಬಿಳಿಚಿಕೊಂಡ.

"ಆಸ್ತಿ ಭಾಗದ ಕೇಸು. ಮುನಿರಾಜು, ಅಲ್ಲಾಳಸಂದ್ರ. ಹಾಕಿರೋದು... ಸರೋಜಮ್ಮ."

"ಯಾರೋ ಬೇರೆ ಸರೋಜಮ್ಮ ಇರ್ಬೇಕು," ಎಂದು ನಕ್ಕೆ. ಬೇರೆ ಯಾರೂ ನಗಲಿಲ್ಲ.

"ನಾನೇ ಕಣಣ್ಣ," ಎಂದಳು ತಂಗಿ, ವೀಳ್ಯದೆಲೆ ಒರೆಸುತ್ತಲೇ. "ಅಪ್ಪನ ಜಮೀನಲ್ಲಿ ನನ್ ಪಾಲು ಎಷ್ಟು ಸಲ ಕೇಳ್ದೆ? ಆಮೇಲೆ, ಆಮೇಲೆ ಅಂದೆ. ಕೋರ್ಟಿಂದ ನೋಟಿಸ್ ಬರ್ಲಿಲ್ವಾ?"

ಬಂದಿತ್ತು! ಕಂದಾಯದ ನೋಟಿಸು ಎಂದುಕೊಂಡು, 'ಮುನಿರಾಜು ಊರಲ್ಲಿಲ್ಲ' ಎಂದು ನಾನೇ ಬಾಗಿಲಲ್ಲಿ ನಿಂತು ಹೇಳಿ ವಾಪಸು ಕಳಿಸಿದ್ದೆ! ಊರಿನವರ ಹೆಸರೆಲ್ಲ ಹಾಕಿ ನೋಡಿದ ನಾನು ನನ್ನ ಹೆಸರನ್ನು ಮಾತ್ರ ಒಮ್ಮೆಯೂ ಹಾಕಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕಾವ್ಯ ಅಳು ತಡೆದುಕೊಂಡು ನಿಂತಿದ್ದಳು.

ಕೃಷ್ಣಪ್ಪನವರು ಎದ್ದರು. "ಮೊದ್ಲು ತಂಗಿಗೆ ಪಾಲು ಕೊಡಿ. ಹೆಣ್ಣು ಕೊಡೋ ಮಾತು ಆಮೇಲೆ."

"ಕೊಡ್ತೀನಿ! ಇವತ್ತೇ ರಾಜಿ!" ಎಂದು ಕೂಗಿಬಿಟ್ಟೆ.

ಅವರು ಮತ್ತೆ ಕೂತರು. ಕಾವ್ಯ ಕಣ್ಣೊರೆಸಿಕೊಂಡು ಕಾಫಿ ತಂದಳು. ನಾನು ಹುಡುಗನ ಕೈಯಿಂದ ಮೊಬೈಲು ವಾಪಸು ತೆಗೆದುಕೊಂಡೆ.

"ರಾಜಿನೂ ಜಡ್ಜ್ ಮುಂದೇನೇ ಆಗ್ಬೇಕಂತೆ ಅಣ್ಣ," ಎಂದಳು ಸರೋಜ. "ನಮ್ ಲಾಯರು ಫೋನೇ ಎತ್ತಲ್ಲ. ಮುಂದಿನ ಡೇಟ್ ಯಾವಾಗ, ಸ್ವಲ್ಪ ನೋಡಿ ಹೇಳು. ನಿಂಗೆ ಇದೆಲ್ಲ ಚೆನ್ನಾಗಿ ಗೊತ್ತಲ್ಲ!"

ನನ್ನ ಮೇಲಿನ ಕೇಸಿನ ತಾರೀಕನ್ನು ಕನ್ನಡಕ ಏರಿಸಿಕೊಂಡು, ಕೇಸು ಹಾಕಿದವಳಿಗೆ ನಾನೇ ಓದಿ ಹೇಳಿದೆ.