ರಜಾಯಿ ಹೊದ್ದ ವಿಮಾನ

ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ಭೌತಶಾಸ್ತ್ರದ ಮೇಷ್ಟ್ರು ತಮ್ಮ ವಿಮಾನಕ್ಕೆ ಮುಸುಕು ಹಾಕಲು ಬಂದರು. ಒಂಬತ್ತು ವರ್ಷ ಕಾರಿನ ಶೆಡ್ಡಿನಲ್ಲಿ ಹುಟ್ಟಿ ಬೆಳೆದ ಎರಡು ಸೀಟಿನ ಪುಟ್ಟ ವಿಮಾನ ಅದು. ಈಗ ರೆಕ್ಕೆಗಳನ್ನು ಹಿಂದಕ್ಕೆ ಮಡಚಿಕೊಂಡು, ನೆನೆದ ಗುಬ್ಬಿಯ ಹಾಗೆ ಟ್ರೈಲರ್ ಮೇಲೆ ಕೂತಿತ್ತು. (ಕಾರು ಒಂಬತ್ತು ವರ್ಷದಿಂದ ಬೀದಿಯಲ್ಲಿತ್ತು. ಮನೆಯೆಂದ ಮೇಲೆ ಯಾರಾದರೊಬ್ಬರು ತ್ಯಾಗ ಮಾಡಲೇಬೇಕು.)

ಕಟ್ಟುವುದರಲ್ಲಿ ಮೇಷ್ಟ್ರನ್ನು ಮೀರಿಸುವವರಿಲ್ಲ. ಚಕ್ರಗಳ ಹಿಂದೆ ಮುಂದೆ ಮರದ ತುಂಡು. ಬಿಗಿಯುವ ಪಟ್ಟಿ ಗಾಲಿಯ ಅಚ್ಚಿಗೆ, ರೆಕ್ಕೆಗಲ್ಲ. ರೆಕ್ಕೆ ಬಾಲಕ್ಕೆ ಉಜ್ಜದಂತೆ ನಡುವೆ ದಿಂಬು. ಸಡಿಲವಾಗಿ ಉಳಿದದ್ದು ಹಿಂದಿನ ರಾತ್ರಿ ಹೆಂಡತಿಯೊಡನೆ ಆಡಿದ ಮಾತೊಂದೇ.

“ಮೊದಲ ಸಲ ಒಬ್ಬನೇ ಹಾರಬೇಕು ಕಣೇ. ನಿಯಮ ಅದು.”

“ರೆಕ್ಕೆಗೆ ಬಟ್ಟೆ ಹೊಲಿಯುವಾಗ ಈ ನಿಯಮ ಎಲ್ಲಿಗೆ ಹೋಗಿತ್ತು? ಹೊಲಿಯೋಕೆ ನಾನು, ಹಾರೋಕೆ ನೀವು!”

“ಎರಡನೇ ಸುತ್ತು ನಿನ್ನದೇ ಅಲ್ವಾ?”

“ಮೊದಲನೇದೇ ನನ್ನ ಜೊತೆ ಅಂದಿದ್ರಿ. ಒಂಬತ್ತು ವರ್ಷ ಅದನ್ನೇ ಅಂದ್ರಿ.”

ಅದು ನಿಜ. ಹಿಂದಿನ ಸೀಟನ್ನು ಮಾಡಿದ್ದೇ ಹೆಂಡತಿಗಾಗಿ. ಅಂದು ‘ನಿನ್ನ ತೂಕ ಎಷ್ಟು ಕಿಲೋ’ ಎಂದು ಕೇಳಿದಾಗ ಆಕೆ ಹೊಲಿಗೆ ಯಂತ್ರದಿಂದ ತಲೆ ಎತ್ತದೆ “ಐವತ್ತು” ಎಂದಿದ್ದಳು. ಇಡೀ ವಿಮಾನದಲ್ಲಿ ಮೇಷ್ಟ್ರು ತಾವೇ ಪರೀಕ್ಷಿಸದೆ ಒಪ್ಪಿಕೊಂಡ ಅಂಕಿ ಅದೊಂದೇ. (ಸೀಟನ್ನು ಮಾತ್ರ ಎಪ್ಪತ್ತು ತಡೆಯುವಂತೆ ಮಾಡಿದ್ದರು. ಭೌತಶಾಸ್ತ್ರ ಬೇರೆ, ಸಂಸಾರಶಾಸ್ತ್ರ ಬೇರೆ.)

“ಹೋಗ್ಲಿ, ನಿನ್ನ ರಜಾಯಿ ಕೊಡ್ತೀಯಾ? ದಾರೀಲಿ ಕುಲುಕುತ್ತೆ...”

“ಯಾಕೆ, ನಿಮ್ಮ ವಿಮಾನಕ್ಕೆ ಚಳೀನಾ?”

ಕೋಣೆಯ ಬಾಗಿಲು ಮುಚ್ಚಿತು. ಮೇಷ್ಟ್ರೂ ವಿಮಾನದಂತೆಯೇ ಕೈಕಾಲು ಮಡಚಿಕೊಂಡು ಸೋಫಾದಲ್ಲಿ ಮಲಗಿದರು.

ಈಗ ಸ್ನಾನ ಮುಗಿಸಿ ಬಂದು ನೋಡಿದರೆ, ವಿಮಾನದ ಹಿಂದಿನ ಸೀಟಿನಲ್ಲಿ ರಜಾಯಿ ಗುಡ್ಡೆಯಾಗಿ ಬಿದ್ದಿದೆ! ಬೈದುಕೊಂಡೇ ತಂದಿಟ್ಟು ಹೋಗಿದ್ದಾಳೆ. ಮೇಷ್ಟ್ರ ಕನ್ನಡಕ ಮಂಜಾಯಿತು. ಮುಸುಕನ್ನು ಮೃದುವಾಗಿ ಕಟ್ಟಿ, ಒಳಗೆ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತರು.

“ಹೊರಟೆ ಕಣೇ. ನೀನೂ ಬಂದಿದ್ರೆ ಚೆನ್ನಾಗಿತ್ತು.”

ಬಾಗಿಲಿಗೇ ಕೈ ಬೀಸಿ ಕಾರಿನತ್ತ ನಡೆದರು.

ಊರಂಚಿನಲ್ಲಿ ಲಾರಿ ತೂಗುವ ಕಟ್ಟೆ. ಹಾರುವ ಮೊದಲು ತೂಕ ಖಚಿತಪಡಿಸಿಕೊಳ್ಳಲು ಟ್ರೈಲರ್ ಅನ್ನು ಕಾರಿನಿಂದ ಕಳಚಿ ಅದೊಂದನ್ನೇ ತೂಗಿಸಿದರು.

“ನಾನೂರ ಎಂಬತ್ತು,” ಎಂದಳು ತೂಗುವಾಕೆ, ಆಕಳಿಸುತ್ತ.

“ಸಾಧ್ಯವೇ ಇಲ್ಲಮ್ಮ. ವಿಮಾನ ಇನ್ನೂರ ನಲವತ್ತು, ಟ್ರೈಲರ್ ನೂರ ಎಂಬತ್ತು. ಅರವತ್ತು ಕಿಲೋ ಎಲ್ಲಿಂದ ಬಂತು?”

“ಅದನ್ನ ನೀವು ತಾನೇ ತಂದಿದ್ದು ಸಾರ್?”

ಮೇಷ್ಟ್ರು ಮುಗಿಲು ನೋಡಿದರು, ಚಕ್ರ ನೋಡಿದರು. ಕೊನೆಗೆ ಜ್ಞಾನೋದಯವಾಯಿತು. “ಬಣ್ಣ! ಮೂರು ಕೋಟು ಹೊಡೆದಿದ್ದೀನಿ. ಮೇಲೆ ಇಬ್ಬನಿ ಬೇರೆ. ಬಟ್ಟೆಯ ರೆಕ್ಕೆ ನೋಡಮ್ಮ, ಹೀರ್ಕೊಳ್ಳುತ್ತೆ.” ಆಕೆಗೆ ಹೀರಿಕೆಯ ತತ್ತ್ವವನ್ನು ಸವಿಸ್ತಾರವಾಗಿ ಬೋಧಿಸಿ ಮುಂದೆ ಹೊರಟರು.

ಮಂಜು ದಾರಿಯನ್ನೆಲ್ಲ ನುಂಗಿತ್ತು; ಮೇಷ್ಟ್ರು ಕಿಟಕಿಯ ಗಾಜು ಇಳಿಸಿಕೊಂಡು ಓಡಿಸುತ್ತಿದ್ದರು. ಬೀದಿ ದೀಪಗಳು ಒಂದೊಂದಾಗಿ ತೇಲಿ ಬಂದು ಹಿಂದೆ ಸರಿಯುತ್ತಿದ್ದವು. ಎತ್ತಿನ ಗಾಡಿಗೂ ನಾಚಿಕೆಯಾಗುವ ವೇಗದಲ್ಲಿ ಕಾರು ಸಾಗುತ್ತಿದ್ದರೂ ಕನ್ನಡಿಯೊಳಗಿನ ವಿಮಾನಕ್ಕೆ ನೆಲವೇ ಇರಲಿಲ್ಲ. ಮೋಡದ ನಡುವೆ ಕಣ್ಣು ಮುಚ್ಚಿ ಹಾರುತ್ತಿತ್ತು. ಮೇಷ್ಟ್ರಿಗೂ ಕೂತಲ್ಲೇ ಮೈ ಹಗುರವಾಯಿತು. ಅಷ್ಟರಲ್ಲಿ ರಸ್ತೆಯುಬ್ಬು.

“ನಿಧಾನ ರೀ...”

ಮೇಷ್ಟ್ರ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು. ಪಕ್ಕದ ಸೀಟು ಖಾಲಿ. ಇಪ್ಪತ್ತು ವರ್ಷ ಕೇಳಿದ ಮಾತು, ಆಕೆ ಇಲ್ಲದಿದ್ದರೂ ಕಿವಿಯಲ್ಲೇ ಸಂಸಾರ ಹೂಡಿಬಿಟ್ಟಿದೆ! ಎರಡನೆಯ ಉಬ್ಬಿನಲ್ಲೂ ಅದೇ ದನಿ.

“ಆಯ್ತು ಕಣೇ,” ಎಂದರು ಖಾಲಿ ಸೀಟಿಗೆ. “ನೀನಿಲ್ಲದೆ ಹಾರೋದೂ ಒಂದು ಹಾರೋದಾ? ಮಾತು ತಪ್ಪಿದೆ ನಾನು.” ಮೇಷ್ಟ್ರ ಕನ್ನಡಕ ಮತ್ತೆ ಮಂಜಾಯಿತು, ಹೊರಗಿನ ಮಂಜಿನಿಂದಲ್ಲ.

ಹಾರುವ ಮೈದಾನದಲ್ಲಿ ಉಸ್ತುವಾರಿಯ ಮುದುಕರೊಬ್ಬರು ಕಾದಿದ್ದರು. ಮೇಷ್ಟ್ರು ಮುಸುಕಿನ ಗಂಟು ಬಿಚ್ಚಿದರು. ರಜಾಯಿ ಎದ್ದು ಕೂತು ಮೈ ಮುರಿಯಿತು.

“ಬಂದ್ವಾ?” ಎಂದಿತು ರಜಾಯಿ, ಕೂದಲು ಕೆದರಿಕೊಂಡು. “ಎಷ್ಟು ಮೆತ್ತಗೆ ಹಾರಿಸಿದ್ರಿ! ಮೋಡದಲ್ಲಿ ಎರಡು ಸಲ ಕುಲುಕಿತು, ನಿಧಾನ ಅಂದೆ. ಇಳಿದದ್ದಂತೂ ಗೊತ್ತೇ ಆಗ್ಲಿಲ್ಲ.”

“ನೀನು... ಇಲ್ಲಿ...”

“ನೀವು ಸ್ನಾನಕ್ಕೆ ಹೋದಾಗ ರಜಾಯಿ ಹೊದ್ಕೊಂಡು ಒಂದು ಸಲ ಕೂತು ನೋಡೋಣಾಂತ ಬಂದೆ. ರಾತ್ರಿಯೆಲ್ಲ ನಿದ್ದೆ ಇರಲಿಲ್ವಲ್ಲ, ಜೊಂಪು ಹತ್ತಿತು.” ಆಕೆ ಸುತ್ತ ಕಣ್ಣಾಡಿಸಿದಳು, ಮಡಚಿದ ರೆಕ್ಕೆ, ಮುಂದೆ ಕಾರು. “ಅಯ್ಯೋ, ಹಾರಲೇ ಇಲ್ವಾ?”

“ಇಲ್ಲ ಕಣೇ. ಎಳ್ಕೊಂಡು ಬಂದೆ.”

ಒಂದು ಕ್ಷಣ ಮುಖ ಬಾಡಿತು. ಮರುಕ್ಷಣ ಅರಳಿತು. “ಏನೇ ಆಗ್ಲಿ, ಇದರಲ್ಲಿ ಮೊದಲು ಪ್ರಯಾಣ ಮಾಡಿದ್ದು ನಾನೇ ತಾನೆ? ನೀವು ಬರೀ ಡ್ರೈವರು. ಹೋಗಿ, ಒಬ್ಬರೇ ಹಾರ್ಕೊಂಡು ಬನ್ನಿ.”

ಉಸ್ತುವಾರಿಯವರು ನಕ್ಕು ಕೆಮ್ಮಿದರು. “ಎರಡನೇ ಸುತ್ತಿಗೆ ಅಮ್ಮಾವ್ರು ಕೂರ್ತಾರಲ್ಲ ಮೇಷ್ಟ್ರೇ, ಅವರ ತೂಕ ಎಷ್ಟು?”

ಮೇಷ್ಟ್ರ ತಲೆಯೊಳಗೆ ಕಳೆಯುವ ಲೆಕ್ಕ ತಡೆಯಿಲ್ಲದೆ ನಡೆದುಹೋಯಿತು. ಹೆಚ್ಚುವರಿ ಅರವತ್ತು. ರಜಾಯಿಯ ಎರಡು ಕಳೆದರೆ ಐವತ್ತೆಂಟು. ಬಣ್ಣ, ಇಬ್ಬನಿ ಸೊನ್ನೆ. ಸತ್ಯ ನಾಲಿಗೆಯ ತುದಿಗೆ ಬಂದು ನಿಂತಿತು. ರಜಾಯಿಯೊಳಗಿನಿಂದ ಎರಡು ಕಣ್ಣು ಅವರನ್ನೇ ನೋಡುತ್ತಿದ್ದವು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಐವತ್ತು.”