ಅರ್ಧ ಕಿಲೋ ಹೆಚ್ಚು

ತೂಕದ ಸಾಹೇಬರಿಗೆ ಜಗತ್ತಿನ ಮೇಲಿದ್ದ ದೂರು ಒಂದೇ: ಯಾರೂ ಯಾವುದನ್ನೂ ಕೈಯಲ್ಲಿ ಎತ್ತಿ ನೋಡುವುದಿಲ್ಲ. ಅಂಗಡಿಗೆ ಹೋಗುತ್ತಾರೆ, ಬಣ್ಣ ನೋಡುತ್ತಾರೆ, ಡಬ್ಬದ ಮೇಲಿನ ಅಕ್ಷರ ಓದುತ್ತಾರೆ, ಮನೆಗೆ ತಂದು ಅಳುತ್ತಾರೆ. ಸಾಹೇಬರು ಹಾಗಲ್ಲ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಪ್ಪತ್ತಾರು ವರ್ಷದಿಂದ ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತ ಬಂದವರು. ಅವರ ಅಂಗೈಯೇ ಒಂದು ತಕ್ಕಡಿ. ಕುಂಬಳಕಾಯಿ, ನಿಘಂಟು, ಚಪ್ಪಲಿ, ಏನನ್ನು ಎತ್ತಿದರೂ ಗ್ರಾಂ ಲೆಕ್ಕದಲ್ಲಿ ಹೇಳಿಬಿಡುತ್ತಿದ್ದರು. ಒಮ್ಮೆ ನೆಂಟರ ಮನೆಯ ಹಸುಗೂಸನ್ನು ಎತ್ತಿ, "ಮೂರು ಕಿಲೋಗೆ ಐವತ್ತು ಗ್ರಾಂ ಕಮ್ಮಿ ಇದೆ" ಎಂದಿದ್ದರು. (ಕೂಸಿನ ಅಜ್ಜಿ ಇಂದಿಗೂ ಅವರ ಜೊತೆ ಮಾತಾಡುವುದಿಲ್ಲ.)

ಇಂಥವರ ಮನೆಯಲ್ಲಿ ಒಂದು ಶುಕ್ರವಾರ ಕಂಪ್ಯೂಟರ್ ಕಣ್ಣು ಮುಚ್ಚಿತು.

ಕಂಪ್ಯೂಟರ್ ಸಾಹೇಬರ ಹೆಂಡತಿಯದು. ಆಕೆ ಮನೆಯಲ್ಲೇ ಕೂತು ಪುಸ್ತಕಗಳ ಪುಟ ಜೋಡಿಸಿಕೊಡುತ್ತಿದ್ದಳು. ಆಗ ಅದರೊಳಗಿದ್ದುದು ಆರುನೂರ ನಲವತ್ತು ಪುಟಗಳ ಒಂದು ಪಕ್ಷಿಕೋಶ. ನಿವೃತ್ತ ಮೇಷ್ಟರೊಬ್ಬರು ಹತ್ತೊಂಬತ್ತು ವರ್ಷ ಹಕ್ಕಿಗಳ ಹಿಂದೆ ಅಲೆದು ಬರೆದದ್ದು. ಈಕೆ ಹನ್ನೊಂದು ತಿಂಗಳು ಕುತ್ತಿಗೆ ಬಗ್ಗಿಸಿ ಜೋಡಿಸಿದ್ದು. ಸೋಮವಾರ ಬೆಳಗ್ಗೆ ಅದು ಮುದ್ರಣಾಲಯಕ್ಕೆ ಹೋಗಬೇಕು. ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟುಕೋ ಎಂದು ತಂಗಿ ಹತ್ತು ಸಲ ಹೇಳಿದ್ದಳು. ಹತ್ತು ಸಲವೂ ಈಕೆ "ನಾಳೆ ಇಡ್ತೀನಿ" ಎಂದಿದ್ದಳು.

ತಂಗಿ ಪಾಲಿಟೆಕ್ನಿಕ್‌ನಲ್ಲಿ ವಿದ್ಯುತ್ತಿನ ಪಾಠ ಹೇಳುವವಳು. ಫೋನಿನಲ್ಲಿ ಲಕ್ಷಣವೆಲ್ಲ ಕೇಳಿ, "ಪವರ್ ಸಪ್ಲೈ ಹೋಗಿದೆ ಅಕ್ಕ. ಹಿಂದ್ಗಡೆ ಇರತ್ತಲ್ಲ ತಗಡಿನ ಡಬ್ಬ, ಎಲ್ಲದಕ್ಕೂ ಕರೆಂಟು ಹಂಚೋದು, ಅದು. ಭಾನುವಾರ ನಾನೇ ತರ್ತೀನಿ" ಎಂದಳು.

"ಅಷ್ಟಕ್ಕೆಲ್ಲ ಅವಳು ಯಾಕೆ?" ಎಂದು ಸಾಹೇಬರು ಶನಿವಾರವೇ ಚೀಲ ಹಿಡಿದು ಹೊರಟರು.

ಅಂಗಡಿಯಾಕೆ ಎರಡು ಡಬ್ಬಗಳನ್ನು ಮುಂದಿಟ್ಟಳು. ಸಾಹೇಬರು ಎಡ ಅಂಗೈಯಲ್ಲಿ ಒಂದು, ಬಲ ಅಂಗೈಯಲ್ಲಿ ಒಂದು ಇಟ್ಟುಕೊಂಡು ಕಣ್ಣು ಮುಚ್ಚಿದರು. ಈ ಭಂಗಿಗೆ ಅವರು 'ಹಸ್ತತುಲಾ ಪರೀಕ್ಷೆ' ಎಂದು ತಾವೇ ಹೆಸರಿಟ್ಟಿದ್ದರು.

"ಸರ್, ದಿನಾ ಕೆಲಸ ಮಾಡೋ ಕಂಪ್ಯೂಟರಿಗೆ ಎಡಗೈಲಿರೋದು ತಗೊಳ್ಳಿ. ಮೂರು ವರ್ಷ ಗ್ಯಾರಂಟಿ ಇದೆ" ಎಂದಳು ಅಂಗಡಿಯಾಕೆ.

"ಬಲಗೈಲಿರೋದಕ್ಕೆ?"

ಆಕೆ ಸ್ವಲ್ಪ ಯೋಚಿಸಿ, "ಅದರ ಡಬ್ಬ ಚೆನ್ನಾಗಿದೆ" ಎಂದಳು.

"ಬಲಗೈದು ಅರ್ಧ ಕಿಲೋ ಹೆಚ್ಚು ತೂಗತ್ತಮ್ಮ. ಒಳಗೆ ಸರಕು ಹೆಚ್ಚಿದ್ರೆ ತಾನೇ ತೂಕ ಹೆಚ್ಚಿರೋದು? ಬೆಲೆ ನೋಡಿದ್ರೆ ಅರ್ಧಕ್ಕರ್ಧ ಕಮ್ಮಿ."

"ಸರ್, ಇದು ತರಕಾರಿ ಅಲ್ಲ."

"ತೂಕಕ್ಕೆ ತರಕಾರಿನೂ ಒಂದೇ, ತಗಡೂ ಒಂದೇ" ಎಂದು ಸಾಹೇಬರು ಬಲಗೈಯದನ್ನೇ ಚೀಲಕ್ಕಿಳಿಸಿದರು. ಲೋಕಕ್ಕೆ ಗೊತ್ತಿಲ್ಲದ ಗುಟ್ಟು ತಮಗೆ ಗೊತ್ತಾದ ಸಂತೋಷದಲ್ಲಿ ದಾರಿಯುದ್ದಕ್ಕೂ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತ ನಡೆದರು.

ಹೆಂಡತಿ ಅದನ್ನು ಮೇಜಿನ ಮೇಲಿಟ್ಟು, ಹಿಂದೆ ಮುಂದೆ ತಿರುಗಿಸಿ, ಫ್ಯಾನಿನ ಜಾಲರಿಯೊಳಗೆ ಇಣುಕಿದಳು. 'ಟಿಕ್' ಎಂದು ಏನೋ ಸದ್ದಾಯಿತು.

"ಇದು ಒಳ್ಳೇದು ಅಂತ ಹೇಗೆ ಗೊತ್ತಾಯ್ತು ನಿಮಗೆ?"

"ಎತ್ತಿ ನೋಡು."

"ಎತ್ತಿದೆ. ಭಾರ ಇದೆ. ಅದಕ್ಕೆ?"

"ಅದಕ್ಕೇನು ಅದಕ್ಕೆ. ಭಾರ ಇದ್ದಿದ್ದು ಬಾಳಿಕೆ ಬರತ್ತೆ."

"ರೀ, ಗಿರಾಕಿಗಳಿಗೆ ನೀವೇ ಹೇಳೋದಲ್ವಾ, ತಟ್ಟೆ ಮಗುಚಿ ನೋಡೋವರೆಗೂ ತಕ್ಕಡಿ ನಂಬಬೇಡಿ ಅಂತ? ನಾಳೆ ನನ್ನ ತಂಗಿ ಬಂದು ಇದನ್ನ ಬಿಚ್ಚಿ ನೋಡ್ಲಿ. ಅಲ್ಲೀವರೆಗೂ ಇದನ್ನ ನನ್ನ ಕಂಪ್ಯೂಟರಿನ ಹತ್ರ ತರಬೇಡಿ."

ಆ ಮಾತು ನಿಜ. ತಟ್ಟೆಯ ಅಡಿಗೆ ಮೇಣ ಮೆತ್ತುವವರು, ಅಯಸ್ಕಾಂತ ಅಂಟಿಸುವವರು, ಹೀಗೆ ಎಷ್ಟು ಜನರನ್ನು ಸಾಹೇಬರು ಹಿಡಿದಿದ್ದರೋ ಲೆಕ್ಕವಿಲ್ಲ. ಆದರೆ ತಮ್ಮ ಬಾಣ ತಮಗೇ ತಿರುಗಿ ಬಂದರೆ ಯಾರಿಗೆ ಹಿತವಾಗುತ್ತದೆ? "ಇಪ್ಪತ್ತಾರು ವರ್ಷದ ಕೈ ಇದು. ಇದಕ್ಕೂ ಪರೀಕ್ಷೆ" ಎಂದು ಗೊಣಗುತ್ತ ಅವರು ಊಟಕ್ಕೆ ಕೂತರು. ಅನ್ನ ಎಂದಿಗಿಂತ ಇಪ್ಪತ್ತು ಗ್ರಾಂ ಕಡಿಮೆ ಬಿದ್ದಿತ್ತು. ಅದನ್ನು ಮಾತ್ರ ಹೇಳಲಿಲ್ಲ.

ಭಾನುವಾರ ಬೆಳಗ್ಗೆ ಹೆಂಡತಿ ಕೊನೆಯ ತಿದ್ದುಪಡಿಗಳನ್ನು ತರಲು ಮೇಷ್ಟರ ಮನೆಗೆ ಹೋದಳು. ಬಾಗಿಲು ಮುಚ್ಚಿದ ಐದನೇ ನಿಮಿಷಕ್ಕೆ ಸಾಹೇಬರು ಸ್ಕ್ರೂಡ್ರೈವರ್ ಹಿಡಿದು ಕಂಪ್ಯೂಟರಿನ ಮುಂದೆ ಮಂಡಿಯೂರಿದ್ದರು. ಆಕೆ ಬರುವಷ್ಟರಲ್ಲಿ ಪರದೆ ಬೆಳಗುತ್ತಿರಬೇಕು, ತಾವು ಏನೂ ಆಗದವರ ಹಾಗೆ ಪೇಪರ್ ಓದುತ್ತಿರಬೇಕು. ಹಳೆಯದನ್ನು ಬಿಚ್ಚಿದರು, ಹೊಸದನ್ನು ಕೂರಿಸಿದರು. ಯಾವ ತಂತಿಯ ತುದಿ ಎಲ್ಲಿ ಹಿಡಿಸಿತೋ ಅಲ್ಲಿ ಚುಚ್ಚಿದರು. ಎರಡು ತಂತಿ ಎಲ್ಲೂ ಹೋಗದೆ ಮಿಕ್ಕವು. ಇರಲಿ, ಉದಾರವಾಗಿ ಕೊಟ್ಟಿದ್ದಾರೆ ಎಂದುಕೊಂಡರು. ಪ್ಲಗ್ ಹಾಕಿ ಗುಂಡಿ ಒತ್ತಿದರು.

ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಹೆಬ್ಬೆರಳಿನಿಂದ ಒತ್ತಿದರು. ಕೊನೆಗೆ ವಿನಯದಿಂದಲೂ ಒತ್ತಿ ನೋಡಿದರು. ಒಂದು ದೀಪವಿಲ್ಲ, ಒಂದು ಸದ್ದಿಲ್ಲ.

ಒಳಗೆ ಏನೋ ಸುಟ್ಟುಹೋಯಿತೇ? ಪಕ್ಷಿಕೋಶ? ಹನ್ನೊಂದು ತಿಂಗಳು ಈ ಕುರ್ಚಿಯಲ್ಲಿ ಕೂತು, ಸಂಜೆ ಎದ್ದು ಕುತ್ತಿಗೆ ಒತ್ತಿಕೊಳ್ಳುತ್ತಿದ್ದವಳ ಮುಖ ಕಣ್ಣ ಮುಂದೆ ಬಂತು. ಇಲಾಖೆಯಲ್ಲಿ ಎಂಥೆಂಥ ರೌಡಿ ವ್ಯಾಪಾರಿಗಳಿಗೂ ಹೆದರದವರು ಅಂದು ನಿಜವಾಗಿ ಹೆದರಿದರು. ಎಲ್ಲವನ್ನೂ ಬಿಚ್ಚಿ, ಹೊಸದನ್ನು ಡಬ್ಬಕ್ಕೆ ಹಾಕಿ, ಹಳೆಯದನ್ನು ಮೊದಲಿದ್ದಲ್ಲೇ ಕೂರಿಸಿದರು. ನಾಲ್ಕು ಸ್ಕ್ರೂಗಳಲ್ಲಿ ಒಂದು ಎಲ್ಲಿಗೋ ಉರುಳಿಹೋಗಿತ್ತು.

ಹೆಂಡತಿ ಬಂದವಳೇ, "ಯಾಕೆ ಹೀಗೆ ಬೆವರಿದ್ದೀರಿ?" ಎಂದಳು.

"ಸೆಕೆ."

ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಆಕೆ ಅದನ್ನೊಮ್ಮೆ ನೋಡಿ, ತಿದ್ದುಪಡಿಯ ಹಾಳೆಗಳನ್ನು ಮೇಜಿನ ಮೇಲಿಟ್ಟಳು.

ಮಧ್ಯಾಹ್ನ ನಾದಿನಿ ಒಂದು ದೊಡ್ಡ ಚೀಲದೊಂದಿಗೆ ಬಂದಳು. ಬಂದವಳೇ ಡಬ್ಬ ಎತ್ತಿ, "ಭಾವ, ತುಂಬಾ ಭಾರ ಇದೆಯಲ್ಲ" ಎಂದಳು. ಸಾಹೇಬರಿಗೆ ಹೋದ ಜೀವ ಅರ್ಧ ಬಂದಂತಾಯಿತು. "ಅದೇ ನನಗೆ ಅನುಮಾನ" ಎಂದು ಅವಳು ಮಾತು ಮುಗಿಸಿದಾಗ ಬಂದ ಅರ್ಧವೂ ಹೋಯಿತು.

ಅವಳು ಮುಚ್ಚಳ ಬಿಚ್ಚಿದಳು. ಮೂವರೂ ಬಗ್ಗಿದರು.

"ಇದು ನೋಡಿ ಭಾವ. ಬೋರ್ಡಿನ ಮೇಲೆ ಭಾಗಗಳ ಗುರುತು ಅಚ್ಚಾಗಿದೆ, ಭಾಗಗಳೇ ಇಲ್ಲ. ಕರೆಂಟು ಏರಿಳಿದ್ರೆ ತಡೆಯೋದಕ್ಕೆ ಇರಬೇಕಾದದ್ದು ಒಂದೂ ಇಲ್ಲ. ಕುರ್ಚಿ ಹಾಕಿದ್ದಾರೆ, ನೆಂಟರು ಬಂದಿಲ್ಲ. ತಂತಿ ನೋಡಿ, ದಾರದ ಹಾಗಿದೆ."

"ಹಾಗಾದ್ರೆ ತೂಕ?" ಎಂದರು ಸಾಹೇಬರು ಕ್ಷೀಣವಾಗಿ.

ನಾದಿನಿ ಮೂಲೆಯಲ್ಲಿದ್ದ ಕಪ್ಪು ಕಾಗದ ಕಿತ್ತಳು. ಅದರ ಹಿಂದೆ ತಗಡಿಗೆ ಅಂಟು ಹಾಕಿ ಮೆತ್ತಿದ್ದ ಒಂದು ಆರು ಮೂಲೆಯ ಕಬ್ಬಿಣದ ಗಟ್ಟಿ. ಸ್ಕ್ರೂಡ್ರೈವರಿನಿಂದ ಮೀಟಿದೊಡನೆ ಅದು ಮೇಜಿನ ಮೇಲೆ ದಢಕ್ಕೆಂದು ಬಿತ್ತು. ಅರ್ಧ ಕಿಲೋ ತೂಕದ ಬಟ್ಟು. ಅಂಗಡಿಗಳೆಲ್ಲ ಎಲೆಕ್ಟ್ರಾನಿಕ್ ತಕ್ಕಡಿಗೆ ಬದಲಾದಾಗ ಗುಜರಿ ಸೇರಿದ ಸಾವಿರಾರು ಬಟ್ಟುಗಳಲ್ಲಿ ಒಂದು.

ಹೆಂಡತಿ ಅದನ್ನು ಮಗುಚಿದಳು. ಅಡಿಯ ಸೀಸದ ಮೇಲೆ ಪರೀಕ್ಷಕರ ಮುದ್ರೆಯಿತ್ತು. ಸಂಖ್ಯೆ ಹದಿನೇಳು.

ಆ ಮನೆಯಲ್ಲಿ ಹದಿನೇಳು ಯಾರ ಸಂಖ್ಯೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

"ನಿಮ್ಮ ಅಂಗೈ ತಪ್ಪಿಲ್ಲ ಭಾವ" ಎಂದಳು ನಾದಿನಿ, ನಗು ತಡೆದುಕೊಂಡು. "ಸರಿಯಾಗಿ ಅರ್ಧ ಕಿಲೋ ಹೆಚ್ಚು. ನೀವೇ ಮುದ್ರೆ ಹಾಕಿ ಒಪ್ಪಿದ್ದೀರಲ್ಲ."

ಅವಳು ಅಲ್ಲಿಗೆ ಬಿಡಲಿಲ್ಲ. ಡಬ್ಬವನ್ನು ಹಿತ್ತಲಿಗೆ ಒಯ್ದು, ಅದು ಎಷ್ಟು ಹೊರೆ ಎಳೆಯುತ್ತದೆಂದು ನೋಡಲು ಚೀಲದಿಂದ ಕಾರಿನ ಹೆಡ್‌ಲೈಟ್ ಬಲ್ಬುಗಳನ್ನು ತೆಗೆದು ಜೋಡಿಸಿದಳು. ಮೇಲೆ ಐನೂರು ವ್ಯಾಟ್ ಎಂದು ಅಚ್ಚಾಗಿದ್ದ ಆ ಮಹಾಶಯ ಒಂದು ಬಲ್ಬಿಗೆ ಉಸ್ಸೆಂದ, ಎರಡಕ್ಕೆ ಗೊರಗೊರ ಎಂದ, ಮೂರನೆಯದಕ್ಕೆ ಢಬ್ ಎಂದು ಹೊಗೆ ಬಿಟ್ಟು ಸುಮ್ಮನಾದ. ಹಿತ್ತಲ ಗೋಡೆಯ ಮೇಲಿದ್ದ ಬೆಕ್ಕು ಪಕ್ಕದ ಮನೆಗೆ ವಲಸೆ ಹೋಯಿತು.

"ಇದನ್ನ ಯಾರಾದ್ರೂ ಕಂಪ್ಯೂಟರಿಗೆ ಹಾಕಿ ಆನ್ ಮಾಡಿದ್ದಿದ್ರೆ..." ಎಂದು ನಾದಿನಿ ಶುರುಮಾಡಿದಳು.

"ನಾನಂತೂ ಮುಟ್ಟಿಲ್ಲ" ಎಂದರು ಸಾಹೇಬರು.

ಅಕ್ಕತಂಗಿಯರಿಬ್ಬರೂ ತಿರುಗಿ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹೆಂಡತಿ ಸೆರಗಿನ ಗಂಟು ಬಿಚ್ಚಿ ಒಂದು ಸ್ಕ್ರೂ ತೆಗೆದು ಅಂಗೈಯಲ್ಲಿ ಹಿಡಿದಳು. "ಕುರ್ಚಿ ಕೆಳಗೆ ಸಿಕ್ತು."

ಸಾಹೇಬರಿಗೆ ಇನ್ನು ಹೊರಲಾಗಲಿಲ್ಲ. "ಹಾಕಿದ್ದೆ ಕಣೆ. ಬೆಳಗ್ಗೆ. ಗುಂಡಿನೂ ಒತ್ತಿದೆ. ಏನೂ ಬರಲಿಲ್ಲ. ನಿನ್ನ ಹಕ್ಕಿಗಳನ್ನೆಲ್ಲ ನಾನೇ ಕೊಂದೆನೇನೋ" ಎಂದರು.

ನಾದಿನಿ ಸುಟ್ಟ ಡಬ್ಬದ ಹಿಂಭಾಗ ತೋರಿಸಿದಳು. ಅಲ್ಲೊಂದು ಪುಟ್ಟ ಕಪ್ಪು ಸ್ವಿಚ್. "ಇದು ಈಗ ನಾನು ಹಾಕಿದ್ದು ಭಾವ. ಅಲ್ಲೀವರೆಗೂ ಆಫ್ ಆಗಿತ್ತು. ಇದನ್ನ ಹಾಕದೆ ಮುಂದಿನ ಗುಂಡಿ ವರ್ಷ ಪೂರ್ತಿ ಒತ್ತಿದ್ರೂ ಕರೆಂಟು ಹೋಗಲ್ಲ."

"ನಿನ್ನೆ ಆಫ್ ಮಾಡಿದ್ದು ನಾನೇ" ಎಂದಳು ಹೆಂಡತಿ.

"ಭಾವ ನೋಡಿ ಹಾಕಿಬಿಟ್ಟಿದ್ರೆ?"

"ನೋಡಲ್ಲ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಊರಿನವರ ತಟ್ಟೆಯೆಲ್ಲ ಮಗುಚಿ ನೋಡ್ತಾರೆ, ತಾವು ತಂದಿದ್ದನ್ನ ಮಾತ್ರ ಮಗುಚಿ ನೋಡಲ್ಲ." ಹೀಗೆಂದು ಆಕೆ ಒಳಗೆ ಹೋಗಿ ಬಟ್ಟೆ ಬೀರುವಿನಿಂದ ಕರ್ಚೀಫಿನಲ್ಲಿ ಸುತ್ತಿದ್ದ ಒಂದು ವಸ್ತು ತಂದಳು. ಕಂಪ್ಯೂಟರಿನ ಡಿಸ್ಕ್. ಪಕ್ಷಿಕೋಶದ ಸಮಸ್ತ ಹಕ್ಕಿಗಳೂ ಅದರೊಳಗೆ ಬೆಚ್ಚಗಿದ್ದವು. "ಆದ್ರೂ ಧೈರ್ಯ ಸಾಲಲಿಲ್ಲ. ನೀವು ಚೀಲ ಹಿಡ್ಕೊಂಡು ಹೊರಟಾಗಲೇ ಇದನ್ನ ಬಿಚ್ಚಿ ಎತ್ತಿಟ್ಟೆ."

ಬೆಳಗ್ಗೆ ಮಿಕ್ಕ ಎರಡು ತಂತಿ ಈ ಡಿಸ್ಕಿಗೆ ಹೋಗಬೇಕಾದವು, ಉದಾರತೆಯಿಂದ ಮಿಕ್ಕಿದ್ದಲ್ಲ ಎಂದು ಸಾಹೇಬರಿಗೆ ಆಗ ತಿಳಿಯಿತು. ಕೋಪ ಬರಬೇಕಿತ್ತು, ಬರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತು, "ಅಬ್ಬ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಅಬ್ಬ" ಎಂದರು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು.

ನಾದಿನಿ ಡಿಸ್ಕನ್ನು ಮತ್ತೆ ಸಿಕ್ಕಿಸಿ, ಚೀಲದಲ್ಲಿ ತಂದಿದ್ದ ಬೇರೆ ಪವರ್ ಸಪ್ಲೈ ಕೂರಿಸಿದಳು. ಸಾಹೇಬರು ಅದನ್ನು ಎತ್ತಿ ಕೊಡುವಾಗ "ಹಗು..." ಎಂದವರು ಅಲ್ಲಿಗೇ ಬಾಯಿ ಮುಚ್ಚಿಕೊಂಡರು. ಪರದೆ ಬೆಳಗಿತು, ಪುಟಗಳು ಬಂದವು. ಮೊದಲ ಕೆಲಸವಾಗಿ ಹೆಂಡತಿ ಇನ್ನೊಂದು ಪ್ರತಿ ಮಾಡಿ ತಂಗಿಯ ಕೈಗೆ ಕೊಟ್ಟಳು.

ಸೋಮವಾರ ಪಕ್ಷಿಕೋಶ ಮುದ್ರಣಾಲಯಕ್ಕೆ ಹೋಯಿತು. ಸಾಹೇಬರು ಕಚೇರಿಗೆ ಹೋದರು, ಊಟದ ಡಬ್ಬಿಯ ಪಕ್ಕದಲ್ಲಿ ಆ ಬಟ್ಟು ಇಟ್ಟುಕೊಂಡು. ಅವರನ್ನು ಕೊರೆಯುತ್ತಿದ್ದ ಸಂಶಯ ಇನ್ನೊಂದಿತ್ತು, ಮನೆಯಲ್ಲಿ ಹೇಳಿರಲಿಲ್ಲ: ಅಂಗೈ ಮೋಸಹೋಯಿತು, ಮುದ್ರೆಯೂ ಸುಳ್ಳಾಗಿದ್ದರೆ? ಬಾಗಿಲು ಹಾಕಿಕೊಂಡು, ಅಂಟನ್ನೆಲ್ಲ ಕೆರೆದು, ಇಲಾಖೆಯ ಪ್ರಮಾಣ ತಕ್ಕಡಿಯ ಮೇಲಿಟ್ಟರು. ಮುಳ್ಳು ನಿಂತದ್ದನ್ನು ನೋಡಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

ಸಂಜೆ ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಸರಿಯಾಗಿ ಐನೂರು ಗ್ರಾಂ ಕಣೆ. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ."

ಹೆಂಡತಿ ಹೊಸ ಪುಸ್ತಕದ ಕರಡು ಹಾಳೆಗಳು ಹಾರದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು.

"ನನಗೆ ಗೊತ್ತಿತ್ತು" ಎಂದಳು. "ಆ ಡಬ್ಬದೊಳಗೆ ಪ್ರಾಮಾಣಿಕವಾದ ವಸ್ತು ಅಂತ ಇದ್ದಿದ್ದು ಅದೊಂದೇ. ಇಲ್ಲಿ ಇಡಿ, ಹಾಳೆ ಹಾರ್ತಾ ಇದೆ."

ಸಾಹೇಬರು ಬಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮುದ್ರೆ ಕಾಣುವಂತೆ ಮಗುಚಿ, ಹಾಳೆಗಳ ಮೇಲಿಟ್ಟರು.