ಎನೋರಾಳಿಗೊಂದು ಜೋಡಿದೋಣಿ

ಮಗಳಿಗೆ ಹಾಯಿದೋಣಿ ನಡೆಸುವುದನ್ನು ನಾನೇ ಕಲಿಸುತ್ತೇನೆ, ಅದಕ್ಕೆ ತಕ್ಕ ದೋಣಿಯನ್ನೂ ನಾನೇ ಆರಿಸುತ್ತೇನೆ ಎಂದು ಏಪ್ರಿಲ್ ತಿಂಗಳ ಒಂದು ಭಾನುವಾರ ಊಟದ ಮೇಜಿನಲ್ಲಿ ಘೋಷಿಸಿದೆ. ಈ ಬ್ರೆಟನ್ ಕರಾವಳಿಯಲ್ಲಿ ಹುಟ್ಟಿ, ನಲವತ್ತೆರಡು ವರ್ಷ ಉಪ್ಪುಗಾಳಿ ಕುಡಿದ ಗೋಲ್ವೆನ್ ಎಂಬ ನಾನಲ್ಲದೆ ಇನ್ಯಾರು ಆರಿಸಬೇಕು?

ಹೆಂಡತಿ ಸೊಯಿಜಿಕ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೋದ ಬೇಸಿಗೇಲಿ ನೀನು ಆರಿಸಿದ್ದ ದೋಣಿ ಏನಾಯ್ತು ಅಂತ ಅವಳನ್ನೇ ಕೇಳು" ಎಂದಳು.

ಆ ದೋಣಿ ಮಗುಚಿತ್ತು. ಒಂಬತ್ತು ವರ್ಷದ ಎನೋರಾ ಅರ್ಧ ನಿಮಿಷ ನೀರಿನಲ್ಲಿ ತೇಲಿದಳು, ಅಷ್ಟೇ. ಆದರೆ ಅಂದಿನಿಂದ ಅವಳು ನನ್ನ ಜೊತೆ ದೋಣಿ ಹತ್ತಿಲ್ಲ. ಕಡಲೆದುರು ಬೆಳೆಯುವ ಮಗು ಕಡಲಿಗೆ ಬೆನ್ನು ಹಾಕಿ ಕೂತರೆ ಅಪ್ಪನಾದವನಿಗೆ ಅನ್ನ ನೀರು ಸೇರುವುದಿಲ್ಲ. ತಪ್ಪೆಲ್ಲ ದೋಣಿಯದೇ ಎಂದು ತೀರ್ಮಾನಿಸಿ ನಾನು ಹೇಗೋ ಚಳಿಗಾಲ ಕಳೆದೆ. ಒಂದೇ ಒಡಲಿನ ದೋಣಿ ಹೊರಳದೆ ಇನ್ನೇನು ಮಾಡೀತು? ಎರಡು ಒಡಲಿನ ಕ್ಯಾಟಮರಾನ್ ಆದರೆ ಎರಡು ಕಾಲೂರಿ ಗಟ್ಟಿಯಾಗಿ ನಿಲ್ಲುತ್ತದೆ.

ಹಳೆಯ ದೋಣಿಗಳನ್ನು ರಿಪೇರಿ ಮಾಡಿ ಮಾರುವ ಮುದುಕ ಲಗಾದೆಕ್ ಬಳಿ ಎರಡು ಕ್ಯಾಟಮರಾನ್ ಇದ್ದವು.

"ಮಗೂಗೆ ತಾನೆ? ಚಿಕ್ಕದು ತಗೊಂಡು ಹೋಗು" ಎಂದ. "ಒಂದೇ ಹಾಯಿ. ಮಗುಚಿದ್ರೆ ಮಗುನೇ ಎತ್ತಿ ನಿಲ್ಲಿಸ್ಕೊಳ್ಳತ್ತೆ."

"ಪಕ್ಕದ್ದು?"

"ಅದು ಎರಡು ಹಾಯೀದು. ಎಳೆಯೋಕೇ ನಾಲ್ಕು ಜನ ಬೇಕು."

"ಮಗು ಬೆಳೆಯುತ್ತಲ್ಲ ಲಗಾದೆಕ್."

"ಮಗು ಬೆಳೆಯತ್ತೆ. ನೀನು ಯಾವಾಗ ಬೆಳೀತೀಯ?"

ಕೊನೆಗೆ ಶನಿವಾರ ಎರಡನ್ನೂ ಪರೀಕ್ಷೆಗೆಂದು ನಮ್ಮ ಕೊಲ್ಲಿಯ ದಂಡೆಗೆ ತಂದಿಟ್ಟ.

ನಮ್ಮ ಕೊಲ್ಲಿಯಲ್ಲಿ ಭರತದ ನೀರು ಹಿಂದೆ ಸರಿದರೆ ಅರ್ಧ ಮೈಲಿ ಕೆಸರು ಬಿಡುತ್ತದೆ. ಆದ್ದರಿಂದ ಪ್ರತಿ ಮನೆಯ ಅಡುಗೆಮನೆಯಲ್ಲೂ ಭರತ ಇಳಿತದ ಪುಸ್ತಕ ತೂಗುತ್ತಿರುತ್ತದೆ. ನಮ್ಮ ಪುಸ್ತಕದಲ್ಲಿರುವುದು ಚಳಿಗಾಲದ ಗಂಟೆ. ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಬೇಕು. ಇಲ್ಲಿನ ಮಕ್ಕಳು ಇದನ್ನು ಮಗ್ಗಿಗಿಂತ ಮೊದಲು ಕಲಿಯುತ್ತಾರೆ. ನಾನೂ ಕಲಿತವನೇ. ಏಳು ಗಂಟೆಗೆ ಭರತ ಎಂದಿತ್ತು. ಒಂದು ಕೂಡಿಸಿ ಎಂಟು ಮಾಡಿಕೊಂಡೆ. ಆ ಏಳು ಸೊಯಿಜಿಕ್ ಆಗಲೇ ಒಂದು ಕೂಡಿಸಿ ಪೆನ್ಸಿಲಿನಲ್ಲಿ ಬರೆದಿಟ್ಟ ಏಳು. ಒಂದೇ ಮನೆಯಲ್ಲಿ ಇಬ್ಬರು ಜಾಗರೂಕರಿದ್ದರೆ ಹೀಗಾಗುತ್ತದೆ.

ಎಂಟೂವರೆಗೆ ದಂಡೆಗೆ ಬಂದಾಗ ನೀರು ತುಸು ತಗ್ಗಿದೆ ಅನಿಸಿತು. ಕಣ್ಣಿಗಿಂತ ಲೆಕ್ಕವನ್ನು ನಂಬಿದೆ. ಎನೋರಾ ಬರುವುದಿಲ್ಲ ಎಂದಳು.

"ಹಾಗಾದ್ರೆ ಇಲ್ಲೇ ನಿಂತು ನೋಡು. ದೊಡ್ಡದು ಎಷ್ಟು ಗಟ್ಟಿ ಅಂತ ತೋರಿಸ್ತೀನಿ" ಎಂದು ನೀರಂಚಿನಲ್ಲಿ ತೇಲುತ್ತಿದ್ದ ಅದನ್ನು ಹತ್ತಿ ಒಬ್ಬನೇ ಹೊರಟೆ.

ಒಂದು ಗಂಟೆಯ ಕಾಲ ನಾನು ಕಡಲಿನ ಚಕ್ರವರ್ತಿಯಾಗಿದ್ದೆ. ತಿರುಗಿ ಬರುವಾಗ ದೋಣಿ ಮೆಲ್ಲಗೆ ನರಳಿ ನಿಂತಿತು. ಇಳಿದು ನೋಡಿದರೆ ನೀರು ಪಾದದಷ್ಟು. ತಳ್ಳಿದೆ, ಎಳೆದೆ, ದೋಣಿಗೂ ಅದರ ತಯಾರಕರಿಗೂ ಬೈದೆ. ಅಷ್ಟರಲ್ಲಿ ಪಾದದ ನೀರೂ ಹೋಯಿತು. ದೋಣಿ ಎರಡೂ ಕಾಲು ಕೆಸರಿಗೂರಿ, ನಾನು ಹೇಳಿದ್ದಕ್ಕಿಂತಲೂ ಗಟ್ಟಿಯಾಗಿ ನಿಂತಿತು.

ಹನ್ನೊಂದಕ್ಕೆ ಊರಿನವರು ಬಕೆಟ್ಟು, ಪುಟ್ಟ ಗುದ್ದಲಿ ಹಿಡಿದು ಅಡುಗೆಗೆ ಚಿಪ್ಪು ಹೆಕ್ಕಲು ಬಂದರು. ಹಾಯಿ ಬಿಚ್ಚಿದ ದೋಣಿಯಲ್ಲಿ ಚುಕ್ಕಾಣಿ ಹಿಡಿದು ಕೂತ ನನಗೆ ಒಬ್ಬೊಬ್ಬರಾಗಿ ನಮಸ್ಕಾರ ಹೇಳಿದರು. ಶಾಲೆಯ ಅಡುಗೆಯಮ್ಮ ತೆಫಾನಿ, "ಗೋಲ್ವೆನ್, ಸ್ವಲ್ಪ ಕಾಲೆತ್ತು. ನಿನ್ನ ಕೆಳಗೆ ಒಳ್ಳೆ ಚಿಪ್ಪಿವೆ" ಎಂದಳು. ಎತ್ತಿದೆ.

ಆಮೇಲೆ ಸೊಯಿಜಿಕ್ ಬಂದಳು, ಬೆಣ್ಣೆ ಹಚ್ಚಿದ ಬ್ರೆಡ್ಡು ಹಿಡಿದುಕೊಂಡು. ಹಿಂದೆ ಎನೋರಾ. ಹತ್ತು ತಿಂಗಳಿಂದ ದೋಣಿ ಮುಟ್ಟದ ನನ್ನ ಮಗಳು ಸೀದಾ ಹತ್ತಿ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಚುಕ್ಕಾಣಿಗೆ ಕೈ ಹಾಕಿದಳು. ನಾಲ್ಕೂವರೆಗೆ ನೀರು ಮರಳಿ ಒಡಲುಗಳಿಗೆ ತಾಗಿ, ದೋಣಿ ಅಲುಗಾಡಿತು. ಅವಳು ಇಳಿಯಲಿಲ್ಲ.

"ಹೆದರಿಕೆ ಆಗ್ತಿಲ್ವಾ ಪುಟ್ಟಿ?"

"ಯಾತಕ್ಕೆ?"

"ನೀರಿಗೆ."

"ನೀರಿಗೆ ನಾನು ಯಾವತ್ತು ಹೆದರಿದ್ದೆ? ಅವತ್ತು ಬಿದ್ದಾಗ ಮಜಾನೇ ಇತ್ತು. ಆಮೇಲೆ ನೀನು ಕೂಗೋಕೆ ಶುರು ಮಾಡಿದ್ಯಲ್ಲ ಅಪ್ಪಾ, ಆಗ ಹೆದರಿಕೆ ಆಯ್ತು."

ಸೊಯಿಜಿಕ್ ಕಡೆ ನೋಡಿದೆ. ಅವಳು ಬಹಳ ಗಮನವಿಟ್ಟು ಒಂದು ಚಿಪ್ಪನ್ನು ಪರೀಕ್ಷಿಸುತ್ತಿದ್ದಳು. ಹತ್ತು ತಿಂಗಳು ಮಗಳನ್ನು ಕಡಲಿನಿಂದ ದೂರ ಇಟ್ಟವನು ನಾನೇ ಎಂದು ಆಗ ತಿಳಿಯಿತು. ಇನ್ನು ಕೂಗುವುದಿಲ್ಲ ಎಂದು ಆಣೆ ಇಟ್ಟೆ. ತಾಯಿ ಮಗಳಿಬ್ಬರೂ ಅದನ್ನು ಮರ್ಯಾದೆಯಿಂದ ಕೇಳಿಸಿಕೊಂಡರು.

"ಹಾಗಾದ್ರೆ ಯಾವ ದೋಣಿ ಬೇಕು ಹೇಳು" ಎಂದೆ.

"ಚಿಕ್ಕದು."

"ಮಗುಚಿದ್ರೆ ನೀನೇ ಎತ್ತಬಹುದು ಅಂತಾನಾ?"

"ಅಲ್ಲ. ಅದರಲ್ಲಿ ನಿಂಗೆ ಜಾಗ ಇಲ್ಲ."

ನನ್ನ ಮುಖ ನೋಡಿ ಕನಿಕರ ಬಂದಿರಬೇಕು. ನನ್ನ ಕೈ ಮೇಲೆ ಕೈಯಿಟ್ಟು ಸೇರಿಸಿದಳು:

"ನೀನು ದಡದಲ್ಲಿ ನಿಂತು ಎಷ್ಟು ಬೇಕಾದ್ರೂ ಕೂಗು ಅಪ್ಪಾ. ಗಾಳೀಲಿ ಕೇಳ್ಸಲ್ಲ."